ಮೋಟಾರು ಕಾರಿಗೆ ಹೊಸ ಬ್ಯಾಟರಿ: ಕೊಳ್ಳುವ ಮುನ್ನ ಅರಿಯಬೇಕಾದುದು

ಕಾರಿನ ಬ್ಯಾಟರಿಯನ್ನು ಜನರು ಸಾಮಾನ್ಯವಾಗಿ ಆಯ್ದು ಕೊಳ್ಳುವುದಿಲ್ಲ, ಅವಸರದಲ್ಲಿ ಕೊಳ್ಳುತ್ತಾರೆ. ಬೆಳಿಗ್ಗೆ ಕಚೇರಿಗೆ ಹೊರಡುವ ವೇಳೆಯಲ್ಲಿ ಎಂಜಿನು ಚಾಲನೆಗೊಳ್ಳದೆ ಬರಿಯ ಟಕ್ ಟಕ್ ಸದ್ದು ಕೇಳಿಬಂದೊಡನೆ ಹತ್ತಿರದ ಅಂಗಡಿಗೆ ದೂರವಾಣಿ ಕರೆ ಹೋಗುತ್ತದೆ. ಅಂಗಡಿಯವನು ತಂದ ಬ್ಯಾಟರಿಯೇ ಕಾರಿಗೆ ಸೇರುತ್ತದೆ. ಹಳೆಯದನ್ನು ಅವನೇ ಒಯ್ಯುತ್ತಾನೆ. ಹೊಸದರ ಗಾತ್ರವೇನು, ಅದು ತಯಾರಾದದ್ದು ಯಾವಾಗ, ಖಾತರಿಯ ಷರತ್ತುಗಳೇನು, ಹಳೆಯದು ಹೋದದ್ದೆಲ್ಲಿಗೆ ಎಂದು ವಿಚಾರಿಸುವ ವ್ಯವಧಾನ ಅಂದು ಯಾರಿಗೂ ಇರುವುದಿಲ್ಲ. ಹಲವು ಸಾವಿರ ರೂಪಾಯಿಗಳ ವಸ್ತುವೊಂದನ್ನು ಇಷ್ಟು ಕಡಿಮೆ ವಿಚಾರದಿಂದ ಕೊಳ್ಳುವ ಸಂದರ್ಭ ಗೃಹಸ್ಥರ ಬಾಳಿನಲ್ಲಿ ವಿರಳವೇ ಸರಿ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗರ ಪೈಕಿ ಕಾರುಳ್ಳ ಕುಟುಂಬಗಳಿಗೆ ಈ ಪ್ರಸಂಗ ಮೂರು ನಾಲ್ಕು ವರ್ಷಗಳಿಗೊಮ್ಮೆ ಬಂದೇ ಬರುತ್ತದೆ. ಆದುದರಿಂದ ಬ್ಯಾಟರಿ ಚೆನ್ನಾಗಿರುವಾಗಲೇ ಈ ವಿಷಯವನ್ನು ತಿಳಿದಿಟ್ಟುಕೊಳ್ಳುವುದು ಲೇಸು.

ಪೆಟ್ಟಿಗೆಯೊಳಗಿನ ಕ್ರಿಯೆ

ಮೋಟಾರು ವಾಹನಗಳ ಆರಂಭದ ದಿನಗಳಲ್ಲಿ ಎಂಜಿನನ್ನು ಕಬ್ಬಿಣದ ಹಿಡಿಕೆಯಿಂದ ಕೈಯಾರೆ ತಿರುಗಿಸಿ ಚಾಲೂ ಮಾಡಬೇಕಾಗಿತ್ತು. ಹಿಡಿಕೆ ಹಿಮ್ಮುಖವಾಗಿ ಒದೆದು ಕೈ ಮುರಿದುಕೊಂಡವರು ಅನೇಕರು. 1912ರಲ್ಲಿ ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಆ ಶ್ರಮ ತಪ್ಪಿತು; ಅಂದಿನಿಂದ ಬ್ಯಾಟರಿಯು ಕಾರಿನ ಅನಿವಾರ್ಯ ಅಂಗವಾಯಿತು. ಬ್ಯಾಟರಿಯಾದರೋ ಅದಕ್ಕಿಂತಲೂ ಹಳೆಯದು. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದ ಸೀಸ-ಆಮ್ಲ ಕೋಶವೇ ಇಂದಿಗೂ ಬಹುತೇಕ ಕಾರುಗಳ ಬಾನೆಟ್ಟಿನ ಕೆಳಗೆ ಕುಳಿತಿದೆ. ವಿದ್ಯುತ್ತಿನಿಂದಲೇ ಓಡುವ ಹೊಸ ಕಾರುಗಳಲ್ಲಿಯೂ ದೀಪ, ಬಾಗಿಲ ಬೀಗ ಮುಂತಾದ ಕೆಲಸಗಳಿಗೆ ಬಹುಮಟ್ಟಿಗೆ ಇಂತಹದೊಂದು 12 ವೋಲ್ಟಿನ ಬ್ಯಾಟರಿ ಇದ್ದೇ ಇರುತ್ತದೆ.

ಕಾರಿನ ಬ್ಯಾಟರಿಯಲ್ಲಿ ಆರು ಕೋಶಗಳಿವೆ. ಒಂದೊಂದು ಕೋಶವೂ ಸುಮಾರು 2.1 ವೋಲ್ಟುಗಳನ್ನು ಕೊಡುತ್ತದೆ. ಆರೂ ಸೇರಿ ಪೂರ್ಣ ಚಾರ್ಜಿನಲ್ಲಿ 12.6 ವೋಲ್ಟುಗಳಾಗುತ್ತವೆ. ಪ್ರತಿ ಕೋಶದೊಳಗೆ ಸೀಸದ ಜಾಲರಿಗಳ ಮೇಲೆ ಲೇಪ ಹಚ್ಚಿದ ಫಲಕಗಳು ದುರ್ಬಲ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಧನ ಫಲಕದಲ್ಲಿ ಸೀಸದ ಡೈಆಕ್ಸೈಡು, ಋಣ ಫಲಕದಲ್ಲಿ ಸ್ಪಂಜಿನಂತಹ ಸೀಸ. ವಿದ್ಯುತ್ತು ಹರಿದು ಹೋದಂತೆಲ್ಲ ಎರಡರ ಮೇಲೂ ಸೀಸದ ಸಲ್ಫೇಟು ಕೂಡುತ್ತದೆ, ಆಮ್ಲವು ನೀರಾಗುತ್ತಾ ಬರುತ್ತದೆ; ಎಂಜಿನಿನಿಂದ ತಿರುಗುವ ಆಲ್ಟರ್ನೇಟರು ಚಾರ್ಜು ತುಂಬಿದಾಗ ಈ ಕ್ರಿಯೆ ಹಿಂದಿರುಗುತ್ತದೆ. ಬ್ಯಾಟರಿಯನ್ನು ದಿನಗಟ್ಟಲೆ ಅರೆಹೊಟ್ಟೆಯಲ್ಲಿಟ್ಟರೆ ಸಲ್ಫೇಟಿನ ಹರಳುಗಳು ಗಟ್ಟಿಯಾಗಿ, ಮುಂದೆ ಎಷ್ಟು ಚಾರ್ಜು ಮಾಡಿದರೂ ಕರಗುವುದಿಲ್ಲ. ಬ್ಯಾಟರಿಗೆ ಬರುವ ಅಕಾಲ ಮರಣಗಳಲ್ಲಿ ಇದು ಬಹು ಸಾಮಾನ್ಯವಾದುದು.

ಎಂಜಿನನ್ನು ಚಾಲೂ ಮಾಡುವುದರಿಂದ ಬ್ಯಾಟರಿ ಬರಿದಾಗುತ್ತದೆಂದು ಅನೇಕರು ಭಾವಿಸುತ್ತಾರೆ. ಲೆಕ್ಕ ಬೇರೆ ಹೇಳುತ್ತದೆ. ಸ್ಟಾರ್ಟರು 150 ಆಂಪಿಯರುಗಳನ್ನು ಎರಡು ಸೆಕೆಂಡು ಸೆಳೆದರೂ ಖರ್ಚಾಗುವುದು ಒಂದು ಆಂಪಿಯರ್-ಗಂಟೆಯ ಹನ್ನೆರಡನೆಯ ಒಂದು ಭಾಗ ಮಾತ್ರ. ಬರಿದುಮಾಡುವುದು ಆ ನಂತರದ ಬಳಕೆ. ಮುಂಬಯಿಯ ಮಳೆಗಾಲದ ಸಂಜೆ, ದೀಪ, ವೈಪರು, ಹವಾನಿಯಂತ್ರಕದ ಪಂಖ ಎಲ್ಲವೂ ನಡೆಯುತ್ತಿರುವಾಗ ವಾಹನಗಳ ದಟ್ಟಣೆಯಲ್ಲಿ ಗಂಟೆಗೆ ಐದಾರು ಕಿಲೋಮೀಟರಿನಂತೆ ತೆವಳುವ ಕಾರಿನಲ್ಲಿ ಎಂಜಿನು ನಿಧಾನವಾಗಿ ತಿರುಗುತ್ತದೆ. ಆಲ್ಟರ್ನೇಟರಿನ ಉತ್ಪತ್ತಿ ಖರ್ಚಿಗೆ ಸಾಲದೆ ಬರಬಹುದು. ಮನೆಯಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಮನೆಗೆ ಎರಡೆರಡು ಕಿಲೋಮೀಟರು ಓಡುವ ಕಾರಿನದೂ ಇದೇ ಸ್ಥಿತಿ.

ದೋಷವು ಬ್ಯಾಟರಿಯದ್ದೇ?

ಹೊಸದನ್ನು ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು. ಇಲ್ಲಿ ಕಳೆಯುವ ಹತ್ತು ನಿಮಿಷ ಹಲವು ಸಾವಿರ ರೂಪಾಯಿಗಳನ್ನು ಉಳಿಸಬಲ್ಲದು.

ಮೊದಲು ಧ್ರುವಗಳನ್ನು ನೋಡಬೇಕು. ಅವುಗಳ ಮೇಲೆ ಬಿಳಿಯ ಅಥವಾ ಹಸಿರು ಮಿಶ್ರಿತ ಪುಡಿ ಕಟ್ಟಿದ್ದರೆ, ಹಿಡಿಕೆಗಳು ಸಡಿಲವಾಗಿದ್ದರೆ, ಬ್ಯಾಟರಿಯಲ್ಲಿ ಶಕ್ತಿಯಿದ್ದರೂ ಅದು ಸ್ಟಾರ್ಟರನ್ನು ಮುಟ್ಟುವುದಿಲ್ಲ. ಸಮುದ್ರತೀರದ ಉಪ್ಪುಗಾಳಿಯಲ್ಲಿ ಈ ತೊಂದರೆ ಹೆಚ್ಚು. ಬಿಸಿನೀರಿನಲ್ಲಿ ಕರಗಿಸಿದ ಅಡಿಗೆ ಸೋಡದಿಂದ ಪುಡಿಯನ್ನು ತೊಳೆದು, ಒರೆಸಿ, ಹಿಡಿಕೆ ಬಿಗಿದು, ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಸಾಕು. ತೊಳೆಯುವಾಗ ಸೋಡದ ನೀರು ಕೋಶಗಳೊಳಗೆ ಇಳಿಯದಂತೆ ಎಚ್ಚರ ವಹಿಸಬೇಕು. ಅದು ಒಳಗಿನ ಆಮ್ಲವನ್ನು ಕೆಡಿಸುತ್ತದೆ.

ಆ ಬಳಿಕ ಒಂದು ಸಾಧಾರಣ ಮಲ್ಟಿಮೀಟರಿನ ನೆರವು ಬೇಕು. ಕಾರು ಕೆಲವು ಗಂಟೆಗಳ ಕಾಲ ನಿಂತಿದ್ದ ಮೇಲೆ ಅಳೆದಾಗ 12.6 ವೋಲ್ಟು ಅಥವಾ ಹೆಚ್ಚು ಬಂದರೆ ಬ್ಯಾಟರಿ ತುಂಬಿದೆ, 12.4 ಬಂದರೆ ಸುಮಾರು ಮುಕ್ಕಾಲು, 12.2 ಬಂದರೆ ಅರ್ಧ, 12ಕ್ಕಿಂತ ಕೆಳಗಿಳಿದರೆ ಬಹುತೇಕ ಬರಿದು ಎಂದು ತಿಳಿಯಬಹುದು. ಇದು ಹೊಟ್ಟೆ ತುಂಬಿದೆಯೇ ಎಂಬುದರ ಅಳತೆಯೇ ಹೊರತು ಆರೋಗ್ಯದ ಅಳತೆಯಲ್ಲ. ಆರೋಗ್ಯ ತಿಳಿಯಲು ಸ್ಟಾರ್ಟರು ತಿರುಗುತ್ತಿರುವಾಗ ಅಳೆಯಬೇಕು. ತುಂಬಿದ ಬ್ಯಾಟರಿಯೂ ಆ ಹೊತ್ತಿನಲ್ಲಿ 9.6 ವೋಲ್ಟಿಗಿಂತ ಕೆಳಗೆ ಕುಸಿದರೆ ಅದರ ಆಯುಷ್ಯ ತೀರಿತೆಂದು ಊಹಿಸಬಹುದು. ಎಂಜಿನು ಓಡುತ್ತಿರುವಾಗ ಸಾಮಾನ್ಯವಾಗಿ 13.8 ರಿಂದ 14.5 ವೋಲ್ಟು ಇರಬೇಕು. ಇಂಧನ ಉಳಿತಾಯಕ್ಕೆಂದು ಚಾರ್ಜನ್ನು ಆಗಾಗ ತಗ್ಗಿಸುವ ಹೊಸ ಕಾರುಗಳಲ್ಲಿ ಈ ಅಂಕಿ ಏರಿಳಿಯುತ್ತದೆ. ಉಳಿದವುಗಳಲ್ಲಿ 13 ವೋಲ್ಟಿನ ಆಸುಪಾಸಿನಲ್ಲೇ ನಿಂತರೆ ದೋಷವಿರುವುದು ಆಲ್ಟರ್ನೇಟರಿನಲ್ಲಿ ಅಥವಾ ಅದರ ಪಟ್ಟಿಯಲ್ಲಿ. ಅದನ್ನು ಸರಿಪಡಿಸದೆ ಹೊಸ ಬ್ಯಾಟರಿಯನ್ನು ಹಾಕಿದರೆ ಅದೂ ಕೆಲವೇ ದಿನಗಳಲ್ಲಿ ಮಲಗುತ್ತದೆ, ಅಪವಾದ ಮಾತ್ರ ಬ್ಯಾಟರಿಯ ಮೇಲೆ ಬರುತ್ತದೆ.

ನಿಂತ ಕಾರು ಸಹ ಸುಮ್ಮನಿರುವುದಿಲ್ಲ. ಗಡಿಯಾರ, ಕಳ್ಳತನದ ಎಚ್ಚರಿಕೆ ಗಂಟೆ, ದೂರದಿಂದ ತೆರೆಯುವ ಬೀಗ ಇವೆಲ್ಲ ಸೇರಿ 50 ಮಿಲಿಆಂಪಿಯರು ಸೆಳೆಯುತ್ತವೆಂದು ಇಟ್ಟುಕೊಂಡರೆ ದಿನಕ್ಕೆ 1.2 ಆಂಪಿಯರ್-ಗಂಟೆ, ಹತ್ತು ದಿನಕ್ಕೆ 12. ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇದು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಹೊರಗಿನಿಂದ ಜೋಡಿಸಿದ ಕ್ಯಾಮೆರಾ, ಸ್ಥಾನಸೂಚಕ ಯಂತ್ರ ಇದ್ದರಂತೂ ಹೇಳಬೇಕಾದುದಿಲ್ಲ. ವಾರವಿಡೀ ಲೋಕಲ್ ರೈಲಿನಲ್ಲೋ ಮೆಟ್ರೋದಲ್ಲೋ ಓಡಾಡಿ ಭಾನುವಾರ ಮಾತ್ರ ಕಾರು ತೆಗೆಯುವವರೂ, ರಜೆಯಲ್ಲಿ ಊರಿಗೆ ಹೋಗಿ ತಿಂಗಳ ಮೇಲೆ ಮರಳುವವರೂ ಇದನ್ನು ಗಮನಿಸಬೇಕು. 2020ರ ಮಾರ್ಚಿಯಲ್ಲಿ ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದು ಕಾರುಗಳು ವಾರಗಟ್ಟಲೆ ನಿಂತಾಗ ಬರಿದಾದ ಬ್ಯಾಟರಿಗಳೆಲ್ಲ ಕೆಟ್ಟವುಗಳಾಗಿರಲಿಲ್ಲ. ನಿಧಾನವಾಗಿ ಚಾರ್ಜು ಮಾಡಿದೊಡನೆ ಎಷ್ಟೋ ಬ್ಯಾಟರಿಗಳು ಚೇತರಿಸಿಕೊಂಡವು. ಎರಡು ವರ್ಷವೂ ತುಂಬದ ಬ್ಯಾಟರಿ ನಿಂತುಹೋದರೆ ಅದನ್ನು ಮೊದಲು ಹೊರಗಿನ ಚಾರ್ಜರಿನಿಂದ ಪೂರ್ತಿ ತುಂಬಿಸಿ, ಪರೀಕ್ಷಿಸಿ, ಆಮೇಲೆ ತೀರ್ಮಾನಿಸುವುದು ಯುಕ್ತ. ಖಾತರಿ ಕೇಂದ್ರಗಳೂ ಮಾಡುವುದು ಇದನ್ನೇ.

ಗಾತ್ರ, ಧ್ರುವ, ಸಾಮರ್ಥ್ಯ

ಬ್ಯಾಟರಿ ನಿಜವಾಗಿ ತೀರಿತೆಂದು ಖಚಿತವಾದ ಮೇಲೆ ಕಾರಿನೊಡನೆ ಬಂದ ಕೈಪಿಡಿಯನ್ನು ತೆರೆಯಬೇಕು. ಅಲ್ಲಿ ಸೂಚಿಸಿದ ಸಂಕೇತವೇ ಆಧಾರ. ನಮ್ಮ ದೇಶದಲ್ಲಿ ಎರಡು ಪದ್ಧತಿಯ ಗಾತ್ರಗಳು ಬಳಕೆಯಲ್ಲಿವೆ: ಜಪಾನಿನದು ಒಂದು, ಜರ್ಮನಿಯದು ಇನ್ನೊಂದು. ಜಪಾನಿ ಪದ್ಧತಿಯ 38ಬಿ20ಎಲ್ ಎಂಬ ಸಂಕೇತವನ್ನು ತೆಗೆದುಕೊಳ್ಳೋಣ. 38 ಎಂಬುದು ಕಾರ್ಯಸಾಮರ್ಥ್ಯದ ದರ್ಜೆ. ಅದು ಆಂಪಿಯರ್-ಗಂಟೆಯಲ್ಲ, ಈ ಬ್ಯಾಟರಿಯ ಧಾರಣಶಕ್ತಿ ಸಾಮಾನ್ಯವಾಗಿ 35. ಬಿ ಎಂಬುದು ಅಗಲ-ಎತ್ತರಗಳ ವರ್ಗ. 20 ಎಂಬುದು ಸೆಂಟಿಮೀಟರುಗಳಲ್ಲಿ ಸರಿಸುಮಾರು ಉದ್ದ. ಕೊನೆಯ ಅಕ್ಷರ ಧ್ರುವಗಳು ಯಾವ ಬದಿಗಿವೆಯೆಂಬುದರ ಸೂಚನೆ. ಜರ್ಮನಿಯ ಪದ್ಧತಿಯಲ್ಲಿ ಡಿ.ಐ.ಎನ್. 44, ಡಿ.ಐ.ಎನ್. 65 ಎಂದು ಮಾರಾಟವಾಗುವವುಗಳಲ್ಲಿ ಅಂಕಿಯು ಬಹುಮಟ್ಟಿಗೆ ಆಂಪಿಯರ್-ಗಂಟೆಯೇ ಆಗಿರುತ್ತದೆ.

ಕೊನೆಯ ಅಕ್ಷರ ಸಣ್ಣದಾದರೂ ಅದರ ಪರಿಣಾಮ ಸಣ್ಣದಲ್ಲ. ಎಲ್ ಇರಬೇಕಾದಲ್ಲಿ ಆರ್ ಬಂದರೆ ಕಾರಿನ ಧನ ತಂತಿ ಧನ ಧ್ರುವವನ್ನು ತಲುಪದೆ ಹೋಗಬಹುದು. ಅವಸರದಲ್ಲಿ ತಂತಿಯನ್ನು ಎಳೆದು ಬಿಗಿಯುವುದು, ಇಲ್ಲವೆ ತಿಳಿಯದೆ ತಿರುಗಾಮುರುಗಾ ಜೋಡಿಸುವುದು ಎರಡೂ ಅಪಾಯ. ಧ್ರುವ ಅದಲುಬದಲಾದರೆ ಆಲ್ಟರ್ನೇಟರಿನ ಡಯೋಡುಗಳೂ ಎಲೆಕ್ಟ್ರಾನಿಕ್ ನಿಯಂತ್ರಕವೂ ಕ್ಷಣದಲ್ಲಿ ಸುಡಬಹುದು. ಅಕ್ಷರವನ್ನು ಓದುವ ರೀತಿಯಲ್ಲಿ ಗೊಂದಲವಿದ್ದರೆ ಹಳೆಯ ಬ್ಯಾಟರಿಯ ಪಕ್ಕದಲ್ಲಿ ಹೊಸದನ್ನು ಅದೇ ದಿಕ್ಕಿಗಿಟ್ಟು ನೋಡುವುದೇ ಸುಲಭೋಪಾಯ. ಧ್ರುವದ ದಪ್ಪವನ್ನೂ ಆಗಲೇ ನೋಡಬೇಕು. ಸಣ್ಣ ಜಪಾನಿ ಗಾತ್ರದ ಬ್ಯಾಟರಿಗಳಲ್ಲಿ ತೆಳುವಾದ ಧ್ರುವಗಳೇ ಹೆಚ್ಚು. ದಪ್ಪ ಧ್ರುವದ ಹಿಡಿಕೆಯನ್ನು ಅವುಗಳಿಗೆ ಹಾಕಿ, ನಡುವೆ ತಗಡಿನ ಚೂರನ್ನೋ ಮೊಳೆಯನ್ನೋ ತುರುಕಿ ಬಿಗಿಗೊಳಿಸುವ ಜಾಣತನ ನಮ್ಮ ರಸ್ತೆಬದಿಯ ಕೆಲಸಗಾರರಲ್ಲಿ ಉಂಟು. ಅಂತಹ ಜೋಡಣೆ ಬಿಸಿಯಾಗುತ್ತದೆ, ಕಿಡಿ ಹಾರಿಸುತ್ತದೆ. ಸರಿಯಾದ ಕವಚಗಳು ಅಲ್ಪ ಬೆಲೆಗೆ ದೊರೆಯುವಾಗ ಈ ಉಪಾಯ ಅನಗತ್ಯ.

ಸಾಮರ್ಥ್ಯವನ್ನು ಎರಡು ಬಗೆಯಲ್ಲಿ ಹೇಳುವ ವಾಡಿಕೆಯಿದೆ. 35 ಆಂಪಿಯರ್-ಗಂಟೆ ಎಂದರೆ 1.75 ಆಂಪಿಯರಿನಂತೆ 20 ಗಂಟೆಗಳ ಕಾಲ, ವೋಲ್ಟೇಜು 10.5ಕ್ಕೆ ಇಳಿಯುವವರೆಗೆ ಕೊಡಬಲ್ಲದೆಂದು ಅರ್ಥ. ಇದು ಸಂಗ್ರಹದ ಅಳತೆ. ಇನ್ನೊಂದು, ಶೀತಲ ಚಾಲನಾ ಪ್ರವಾಹ: ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ 30 ಸೆಕೆಂಡುಗಳ ಕಾಲ 7.2 ವೋಲ್ಟಿಗಿಂತ ಕೆಳಗಿಳಿಯದೆ ಎಷ್ಟು ಆಂಪಿಯರು ಕೊಡಬಲ್ಲದೆಂಬುದು. ಇದು ಒಮ್ಮೆಲೇ ನೂಕುವ ಬಲದ ಅಳತೆ. ಡೀಸೆಲ್ ಎಂಜಿನನ್ನು ತಿರುಗಿಸಲು ಹೆಚ್ಚಿನ ಬಲ ಬೇಕಾದುದರಿಂದ ಆ ಕಾರುಗಳ ಬ್ಯಾಟರಿ ಪೆಟ್ರೋಲು ಕಾರುಗಳದಕ್ಕಿಂತ ದೊಡ್ಡದು.

ಸೂಚಿಸಿದುದಕ್ಕಿಂತ ಸಣ್ಣದನ್ನು ಯಾವ ಕಾರಣಕ್ಕೂ ಹಾಕಬಾರದು. ದೊಡ್ಡದನ್ನು ಹಾಕಬಹುದೇ ಎಂಬುದು ಅನೇಕರ ಪ್ರಶ್ನೆ. ತಟ್ಟೆಯಲ್ಲಿ ಸರಿಯಾಗಿ ಕುಳಿತು, ಮೇಲಿನ ಪಟ್ಟಿಯಿಂದ ಬಿಗಿಯಾಗಿ ಹಿಡಿಯಲ್ಪಟ್ಟು, ಬಾನೆಟ್ಟಿಗೆ ಧ್ರುವ ತಾಗದಿದ್ದರೆ ಒಂದು ಮೆಟ್ಟಿಲು ದೊಡ್ಡದರಿಂದ ಕೇಡಿಲ್ಲ. ಆದರೆ ದಿನನಿತ್ಯ ಗಳಿಕೆಗಿಂತ ಖರ್ಚು ಹೆಚ್ಚಿರುವ ಕಾರಿನಲ್ಲಿ ದೊಡ್ಡ ಬ್ಯಾಟರಿಯೂ ಬರಿದಾಗುತ್ತದೆ. ಕೆಲವು ದಿನ ತಡವಾಗಿ, ಅಷ್ಟೇ. ಹೆಚ್ಚುವರಿ ಹಣವನ್ನು ಅದಕ್ಕೆ ಸುರಿಯುವ ಬದಲು ಹದಿನೈದು ದಿನಗಳಿಗೊಮ್ಮೆ ಹೆದ್ದಾರಿಯಲ್ಲಿ ಅರ್ಧ ಮುಕ್ಕಾಲು ಗಂಟೆ ಓಡಿಸುವುದು ಅಥವಾ ಸಣ್ಣ ಚಾರ್ಜರೊಂದನ್ನು ಇಟ್ಟುಕೊಳ್ಳುವುದು ಮೇಲು.

ಶಾಖವೇ ಶತ್ರು

ಚಳಿದೇಶಗಳಲ್ಲಿ ಬರೆದ ಪುಸ್ತಕಗಳನ್ನು ಓದಿದವರು ಚಳಿಯೇ ಬ್ಯಾಟರಿಯ ವೈರಿಯೆಂದು ತಿಳಿಯುತ್ತಾರೆ. ಚಳಿಯು ಬ್ಯಾಟರಿಯ ಬಲವನ್ನು ತಾತ್ಕಾಲಿಕವಾಗಿ ಕುಗ್ಗಿಸುತ್ತದೆ. ಶಾಖವು ಅದನ್ನು ಶಾಶ್ವತವಾಗಿ ಕೊಲ್ಲುತ್ತದೆ. ಉಷ್ಣತೆ ಪ್ರತಿ 10 ಡಿಗ್ರಿ ಏರಿದಂತೆ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆಂಬುದು ರಸಾಯನಶಾಸ್ತ್ರದ ಸ್ಥೂಲ ನಿಯಮ. ಧನ ಫಲಕದ ಜಾಲರಿ ಸವೆಯುವುದೂ ಇದಕ್ಕೆ ಹೊರತಲ್ಲ. ಚೆನ್ನೈ ಅಥವಾ ಹೈದರಾಬಾದಿನ ಮೇ ತಿಂಗಳಿನಲ್ಲಿ ದಟ್ಟಣೆಯ ನಡುವೆ ನಿಂತ ಕಾರಿನ ಬಾನೆಟ್ಟಿನ ಕೆಳಗೆ 60 ಡಿಗ್ರಿ ದಾಟುವುದುಂಟು. ಅಲ್ಲಿ ನೀರು ಆವಿಯಾಗುತ್ತದೆ, ಜಾಲರಿ ಸವೆಯುತ್ತದೆ, ಆಯುಷ್ಯ ಕರಗುತ್ತದೆ.

ದೆಹಲಿಯದು ಇನ್ನೂ ವಿಚಿತ್ರ. ಅಲ್ಲಿನ ಬ್ಯಾಟರಿಗಳು ಜನವರಿಯ ಬೆಳಗಿನಲ್ಲಿ, ಪಾದರಸ 5 ಡಿಗ್ರಿಯ ಹತ್ತಿರಕ್ಕಿಳಿದಾಗ ಕೈಕೊಡುತ್ತವೆ. ಒಡೆಯರು ಚಳಿಯನ್ನು ದೂರುತ್ತಾರೆ. ಪೆಟ್ಟು ಬಿದ್ದದ್ದು ಮಾತ್ರ ಅದರ ಹಿಂದಿನ ಮೇ-ಜೂನ್ ತಿಂಗಳ 45 ಡಿಗ್ರಿಯ ಬಿಸಿಲಿನಲ್ಲಿ. ಬೇಸಗೆಯಲ್ಲಿ ಗಾಯಗೊಂಡದ್ದು ಚಳಿಗಾಲದಲ್ಲಿ ಬೀಳುತ್ತದೆ. ಆದುದರಿಂದ ದೆಹಲಿಯ ನಿವಾಸಿಗಳು ಅಕ್ಟೋಬರ್-ನವೆಂಬರಿನಲ್ಲಿ, ಮುಂಬಯಿ-ಪುಣೆಗಳವರು ಮಳೆಗಾಲಕ್ಕೆ ಮುನ್ನ ಬ್ಯಾಟರಿಯನ್ನು ಪರೀಕ್ಷಿಸಿಕೊಳ್ಳುವುದು ವಿಹಿತ. ಮೂರು ವರ್ಷ ತುಂಬಿದ ಬ್ಯಾಟರಿಗೆ ಇದು ಕಡ್ಡಾಯವೆಂದೇ ತಿಳಿಯಬೇಕು. ನಮ್ಮ ನಗರಗಳಲ್ಲಿ ಮೂರರಿಂದ ಐದು ವರ್ಷಗಳೇ ಬ್ಯಾಟರಿಯ ಸಾಮಾನ್ಯ ಆಯುಷ್ಯ. ಕೊಳ್ಳುವಾಗಲೂ ಅಷ್ಟೆ: ದಕ್ಷಿಣದ ನಗರಗಳವರು ಶೀತಲ ಚಾಲನಾ ಪ್ರವಾಹದ ದೊಡ್ಡ ಅಂಕಿಗಾಗಿ ಹೆಚ್ಚು ಹಣ ತೆರಬೇಕಾಗಿಲ್ಲ. ಬ್ಯಾಟರಿಯ ಸುತ್ತ ಶಾಖ ತಡೆಯುವ ಹೊದಿಕೆ ಮೂಲತಃ ಇದ್ದರೆ ಅದನ್ನು ಎಸೆಯದೆ ಮತ್ತೆ ಹಾಕಿಸಿಕೊಳ್ಳುವುದು ಅದಕ್ಕಿಂತ ಉಪಯುಕ್ತ. ಬದಲಾಯಿಸುವವರು ಮೊದಲು ಮರೆಯುವುದು ಅದನ್ನೇ.

ಬಗೆಗಳು

ಮೇಲೆ ಮುಚ್ಚಳಗಳಿದ್ದು ಬಟ್ಟಿ ಇಳಿಸಿದ ನೀರು ತುಂಬುವ ಸಾಂಪ್ರದಾಯಿಕ ಬ್ಯಾಟರಿ ಅಗ್ಗ. ಆದರೆ ಮಾಲೀಕರು ತಿಂಗಳಿಗೊಮ್ಮೆ ನೀರು ನೋಡುವ ಶಿಸ್ತುಳ್ಳವರಾಗಿರಬೇಕು. ಅದಕ್ಕೆ ಕೊಳಾಯಿ ನೀರನ್ನಾಗಲಿ, ಅಂಗಡಿಯಲ್ಲಿ ಸಿಗುವ ಕುಡಿಯುವ ನೀರನ್ನಾಗಲಿ ಹಾಕಬಾರದು. ಅವುಗಳಲ್ಲಿನ ಲವಣಗಳು ಫಲಕಗಳಿಗೆ ಹಾನಿಕರ. ಮಟ್ಟ ಇಳಿದಾಗ ಆಮ್ಲವನ್ನೂ ಹಾಕಬಾರದು, ಏಕೆಂದರೆ ಆವಿಯಾದದ್ದು ನೀರು ಮಾತ್ರ. ನಿರ್ವಹಣೆ ಬೇಡದ ಬ್ಯಾಟರಿಗಳ ಜಾಲರಿಯಲ್ಲಿ ಸೀಸಕ್ಕೆ ಕ್ಯಾಲ್ಸಿಯಂ ಬೆರೆಸಿರುವುದರಿಂದ ನೀರಿನ ನಷ್ಟ ಅತ್ಯಲ್ಪ. ಇಂದು ಹೆಚ್ಚಾಗಿ ಮಾರಾಟವಾಗುವುವು ಇವೇ. ಇವುಗಳ ಮೇಲಿರುವ ಹಸಿರು ಕಣ್ಣನ್ನು ಪೂರ್ಣವಾಗಿ ನಂಬಬಾರದು. ಅದು ಆರು ಕೋಶಗಳಲ್ಲಿ ಒಂದರ ಸ್ಥಿತಿಯನ್ನು ಮಾತ್ರ ತೋರುತ್ತದೆ; ಕೆಟ್ಟಿರುವುದು ಉಳಿದ ಐದರಲ್ಲಿ ಒಂದಾಗಿರಬಹುದು.

ಸಂಕೇತ ದೀಪದ ಬಳಿ ನಿಂತೊಡನೆ ಎಂಜಿನು ತಾನಾಗಿ ನಿಂತು, ಮತ್ತೆ ತಾನಾಗಿ ಚಾಲೂ ಆಗುವ ಕಾರುಗಳ ವಿಷಯ ಬೇರೆ. ಅವುಗಳಿಗೆ ಇ.ಎಫ್.ಬಿ. ಎಂಬ ಬಲವರ್ಧಿತ ಬ್ಯಾಟರಿ ಅಥವಾ ಆಮ್ಲವನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿಟ್ಟ ಎ.ಜಿ.ಎಂ. ಎಂಬ ಬಗೆಯನ್ನು ತಯಾರಕರು ಅಳವಡಿಸಿರುತ್ತಾರೆ. ಬೆಲೆ ಹೆಚ್ಚೆಂದು ಅವುಗಳ ಜಾಗದಲ್ಲಿ ಸಾಧಾರಣ ಬ್ಯಾಟರಿಯನ್ನು ಹಾಕಿಸಿದರೆ ಅದು ಬಹಳ ದಿನ ಬಾಳುವುದಿಲ್ಲ. ಇಂತಹ ಕೆಲವು ಕಾರುಗಳಲ್ಲಿ ಹೊಸ ಬ್ಯಾಟರಿ ಬಂದುದನ್ನು ಕಾರಿನ ಗಣಕಕ್ಕೆ ತಿಳಿಸುವ ಕೆಲಸವೂ ಇರುತ್ತದೆ. ಅದಕ್ಕೆ ಬೇಕಾದ ಉಪಕರಣ ಅಂಗಡಿಯವರಲ್ಲಿ ಇದೆಯೇ ಎಂದು ಮೊದಲೇ ಕೇಳಬೇಕು.

ರಿಪೇರಿ ಮಾಡಿ ಹೊಸ ಬಣ್ಣ ಬಳಿದ ಹಳೆಯ ಬ್ಯಾಟರಿಗಳೂ ಎಲ್ಲ ನಗರಗಳಲ್ಲಿ ಅರ್ಧ ಬೆಲೆಗೆ ಸಿಗುತ್ತವೆ. ಅವುಗಳನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ.

ತಯಾರಿಕೆಯ ತಿಂಗಳು ಮತ್ತು ಖಾತರಿಪತ್ರ

ಬ್ಯಾಟರಿಯು ಅಂಗಡಿಯ ಕಪಾಟಿನಲ್ಲಿ ಕುಳಿತೇ ಮುದಿಯಾಗುತ್ತದೆ. ಬಳಸದಿದ್ದರೂ ಅದರ ಚಾರ್ಜು ಸೋರುತ್ತದೆ. ಉಷ್ಣತೆ ಹೆಚ್ಚಿದಷ್ಟೂ ಬೇಗ. ತಯಾರಿಕೆಯ ತಿಂಗಳು-ವರ್ಷವನ್ನು ನೋಡದೆ ಕೊಳ್ಳಬಾರದು. ಕೆಲವು ಕಂಪನಿಗಳು ಅದನ್ನು ಸಂಕೇತಾಕ್ಷರಗಳಲ್ಲಿ ಮುದ್ರಿಸುತ್ತವೆ. ಅಂಗಡಿಯವನಿಂದಲೇ ಓದಿಸಿ, ಬಿಲ್ಲಿನಲ್ಲಿ ಬರೆಸಿಕೊಳ್ಳಬಹುದು. ಮೂರು ತಿಂಗಳೊಳಗಿನದು ಉತ್ತಮ, ಆರು ತಿಂಗಳು ದಾಟಿದ್ದು ಬೇಡ. ಕಟ್ಟು ಬಿಚ್ಚಿದೊಡನೆ ಮೀಟರಿನಲ್ಲಿ 12.4 ವೋಲ್ಟಿಗಿಂತ ಕಡಿಮೆ ಬಂದರೆ ಬೇರೊಂದನ್ನು ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

ಖಾತರಿಯ ಅವಧಿಯನ್ನು ದೊಡ್ಡ ಅಕ್ಷರಗಳಲ್ಲಿ 72 ತಿಂಗಳು ಎಂದು ಮುದ್ರಿಸಿರಬಹುದು. ಅದರ ಕೆಳಗಿನ ಸಣ್ಣ ಅಕ್ಷರಗಳಲ್ಲಿ ನಿಜಾಂಶವಿದೆ. ಮೊದಲ 36 ತಿಂಗಳು ಉಚಿತ ಬದಲಾವಣೆ, ನಂತರದ 36 ತಿಂಗಳು ಪ್ರಮಾಣಾನುಸಾರ ರಿಯಾಯಿತಿ ಎಂಬಂತೆ ಅದು ಎರಡು ಭಾಗಗಳಾಗಿ ಒಡೆದಿರುತ್ತದೆ. ಈ ರಿಯಾಯಿತಿಯನ್ನು ಗರಿಷ್ಠ ಚಿಲ್ಲರೆ ಬೆಲೆಯ ಮೇಲೆ ಲೆಕ್ಕ ಹಾಕುವುದು ವಾಡಿಕೆ. ಅಂಗಡಿಗಳಲ್ಲಿ ಯಾರೂ ಆ ಬೆಲೆಗೆ ಕೊಳ್ಳುವುದಿಲ್ಲ. ಮುದ್ರಿತ ಬೆಲೆ 6,000 ರೂಪಾಯಿ, ಅಂಗಡಿಯ ಬೆಲೆ 4,800 ರೂಪಾಯಿ ಎಂದಿಟ್ಟುಕೊಳ್ಳೋಣ. ನಾಲ್ಕನೆಯ ವರ್ಷದಲ್ಲಿ ಶೇಕಡ 30ರ ರಿಯಾಯಿತಿ ದೊರೆತರೆ ತೆರಬೇಕಾದುದು 4,200 ರೂಪಾಯಿ. ನಿಜವಾದ ಲಾಭ 1,800 ಅಲ್ಲ, 600 ಮಾತ್ರ. ಖಾತರಿಯಲ್ಲಿ ಒಪ್ಪಿಸಿದ ಹಳೆಯ ಬ್ಯಾಟರಿಗೆ ವಿನಿಮಯ ಬೆಲೆ ಬೇರೆಯಾಗಿ ಸಿಗದಿದ್ದರೆ ಅದೂ ಕರಗಿಹೋಗುತ್ತದೆ. ಆದುದರಿಂದ ಎರಡು ಬ್ಯಾಟರಿಗಳನ್ನು ಹೋಲಿಸುವಾಗ ಉಚಿತ ಬದಲಾವಣೆಯ ತಿಂಗಳುಗಳನ್ನಷ್ಟೇ ಹೋಲಿಸಬೇಕು. ಉಚಿತವಾಗಿ ಬಂದ ಬ್ಯಾಟರಿಗೆ ಸಾಮಾನ್ಯವಾಗಿ ಮೊದಲಿನದರ ಉಳಿದ ಅವಧಿಯಷ್ಟೇ ಖಾತರಿಯಿರುತ್ತದೆ. ಬಾಡಿಗೆಗೆ ಓಡುವ ಕಾರುಗಳಿಗೆ ಅವಧಿ ಕಡಿಮೆ; ತೆರಿಗೆಸಹಿತ ಬಿಲ್ಲಿನಲ್ಲಿ ಕಾರಿನ ನೋಂದಣಿ ಸಂಖ್ಯೆ ಸರಿಯಾಗಿದೆಯೇ, ಬ್ಯಾಟರಿಯ ಕ್ರಮಸಂಖ್ಯೆ ಖಾತರಿಪತ್ರದೊಡನೆ ಹೊಂದುತ್ತದೆಯೇ ಎಂದು ಅಂಗಡಿಯಲ್ಲಿಯೇ ನೋಡಿಕೊಳ್ಳಬೇಕು.

ಮಾರಾಟಗಾರರು ಖಾತರಿಯನ್ನು ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಬಹುದು. ಈ ಸಹಾಯವಾಣಿಯ ಭಾಷೆಗಳಲ್ಲಿ ಕನ್ನಡವೂ ಒಂದು. ಹೊರರಾಜ್ಯದಲ್ಲಿರುವವರು ತಮ್ಮ ಮಾತಿನಲ್ಲಿಯೇ ದೂರು ಹೇಳಿಕೊಳ್ಳಬಹುದೆಂಬುದು ಬಹಳ ಜನರಿಗೆ ತಿಳಿಯದು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಗ್ರಾಹಕನು ತಾನು ವಾಸಿಸುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೇ ದೂರು ಸಲ್ಲಿಸಲು ಅವಕಾಶ ಕೊಟ್ಟಿದೆ. ಬೆಳಗಾವಿಯಲ್ಲಿ ಕೊಂಡ ಬ್ಯಾಟರಿ ಪುಣೆಯಲ್ಲಿ ಕೆಟ್ಟರೆ ಪುಣೆಯಲ್ಲಿ ವಾಸಿಸುವವರು ಅಲ್ಲಿಯೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ದೂರುಗಳಿಗೆ ಶುಲ್ಕವಿಲ್ಲ.

ಜೋಡಣೆಯ ಎಚ್ಚರಿಕೆ

ಮನೆಯಲ್ಲಿಯೇ ಬದಲಾಯಿಸುವವರು ಒಂದು ಕ್ರಮವನ್ನು ತಪ್ಪದೆ ಪಾಲಿಸಬೇಕು: ಬಿಚ್ಚುವಾಗ ಋಣ ತಂತಿ ಮೊದಲು, ಜೋಡಿಸುವಾಗ ಋಣ ತಂತಿ ಕೊನೆಗೆ. ಕಾರಿನ ಲೋಹದ ಮೈಯೆಲ್ಲ ಋಣ ಧ್ರುವಕ್ಕೆ ಸೇರಿರುವುದರಿಂದ, ಧನ ತಂತಿಯನ್ನು ಮೊದಲು ಬಿಚ್ಚುವಾಗ ಸ್ಪ್ಯಾನರು ಮೈಗೆ ತಾಗಿದರೆ ನೂರಾರು ಆಂಪಿಯರುಗಳು ಆ ಸ್ಪ್ಯಾನರಿನ ಮೂಲಕವೇ ಹರಿಯುತ್ತವೆ. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಕಿಡಿಯೊಂದು ಅದನ್ನು ಸ್ಫೋಟಿಸಬಲ್ಲದು. ಬೀಡಿ, ಸಿಗರೇಟು, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು. ಆಮ್ಲ ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷಗಳಿಗೆ ಕಡಿಮೆಯಿಲ್ಲದಂತೆ ಶುದ್ಧ ನೀರಿನಿಂದ ತೊಳೆದು ಕೂಡಲೇ ವೈದ್ಯರನ್ನು ಕಾಣಬೇಕು.

ಹಳೆಯ ಬ್ಯಾಟರಿ ಎಲ್ಲಿಗೆ ಹೋಗುತ್ತದೆ?

ಸಣ್ಣ ಕಾರಿನ ಬ್ಯಾಟರಿ ಒಂಬತ್ತು ಹತ್ತು ಕಿಲೋಗ್ರಾಂ ತೂಗುತ್ತದೆ; ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಅಷ್ಟೂ ಸೀಸವನ್ನು ಬಹುತೇಕ ಪೂರ್ತಿಯಾಗಿ ಮರಳಿ ಬಳಸಬಹುದಾದುದರಿಂದಲೇ ಗುಜರಿಯವನು ಅದಕ್ಕೆ ಹಣ ಕೊಡುತ್ತಾನೆ. ಅಂಗಡಿಯ ವಿನಿಮಯ ಬೆಲೆಗಿಂತ ನೂರಿನ್ನೂರು ರೂಪಾಯಿ ಹೆಚ್ಚನ್ನೂ ಕೊಡಬಹುದು. ಆ ಹೆಚ್ಚುವರಿ ಹಣ ಎಲ್ಲಿಂದ ಬರುತ್ತದೆಂಬುದನ್ನು ವಿಚಾರಿಸಬೇಕು. ಅನಧಿಕೃತ ಕುಲುಮೆಗಳಲ್ಲಿ ಬ್ಯಾಟರಿಯನ್ನು ಕೊಡಲಿಯಿಂದ ಒಡೆಯುತ್ತಾರೆ, ಆಮ್ಲವನ್ನು ಚರಂಡಿಗೆ ಸುರಿಯುತ್ತಾರೆ, ಸೀಸವನ್ನು ತೆರೆದ ಒಲೆಯಲ್ಲಿ ಕರಗಿಸುತ್ತಾರೆ. ಹೊಗೆ ಶೋಧಿಸುವ ಯಂತ್ರವಿಲ್ಲ, ಕೆಲಸಗಾರರಿಗೆ ಮುಖಕವಚವಿಲ್ಲ. ಉಳಿದ ಖರ್ಚೇ ಗಿರಾಕಿಗೆ ಕೊಡುವ ಹೆಚ್ಚಿನ ಬೆಲೆ.

ಅದನ್ನು ತೆರುವವರು ಸುತ್ತಲಿನ ಮಕ್ಕಳು. ಸೀಸದ ಧೂಳು ಮಣ್ಣಿನಲ್ಲಿ, ನೀರಿನಲ್ಲಿ, ಕೆಲಸದಿಂದ ಮರಳುವ ತಂದೆಯ ಬಟ್ಟೆಯಲ್ಲಿ ಮನೆ ಸೇರುತ್ತದೆ. ಎಳೆಯ ದೇಹ ಅದನ್ನು ದೊಡ್ಡವರಿಗಿಂತ ಹೆಚ್ಚು ಹೀರಿಕೊಳ್ಳುತ್ತದೆ. ಬುದ್ಧಿಶಕ್ತಿ ಕುಗ್ಗುತ್ತದೆ, ಏಕಾಗ್ರತೆ ಕೆಡುತ್ತದೆ, ರಕ್ತಹೀನತೆ ಬರುತ್ತದೆ. ಇಷ್ಟರವರೆಗೆ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು 2020ರಲ್ಲಿ ಪ್ರಕಟಿಸಿದ ವರದಿಯು ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸವಿದೆಯೆಂದು ಅಂದಾಜು ಮಾಡಿ, ಬ್ಯಾಟರಿಗಳ ಅಸುರಕ್ಷಿತ ಮರುಬಳಕೆಯನ್ನು ಪ್ರಮುಖ ಕಾರಣಗಳಲ್ಲಿ ಒಂದೆಂದು ಗುರುತಿಸಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ಡಾ. ತುಪ್ಪಿಲ್ ವೆಂಕಟೇಶ್ ಅವರು ನಮ್ಮ ದೇಶದಲ್ಲಿ ಈ ವಿಷಬಾಧೆಯ ಕಡೆಗೆ ಗಮನ ಸೆಳೆಯಲು ದೀರ್ಘಕಾಲ ಶ್ರಮಿಸಿದವರು. ಪೆಟ್ರೋಲಿನಲ್ಲಿ ಸೀಸ ಬೆರೆಸುವುದು 2000ದಲ್ಲಿ ದೇಶಾದ್ಯಂತ ನಿಂತಿತು. ಬ್ಯಾಟರಿಯ ಸೀಸ ಉಳಿದುಕೊಂಡಿದೆ.

ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಹಾಗೂ ಮಾರಾಟಗಾರರ ಮೇಲೆ ಹೊರಿಸಿದ ನಿಯಮಗಳು 2001ರಲ್ಲಿ ಬಂದವು. ಅವುಗಳ ಸ್ಥಾನದಲ್ಲಿ 2022ರ ಆಗಸ್ಟಿನಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಜಾರಿಗೆ ಬಂದಿವೆ. ಇವುಗಳ ಪ್ರಕಾರ ಬಳಕೆದಾರರಿಗೂ ಕರ್ತವ್ಯವಿದೆ: ಹಳೆಯ ಬ್ಯಾಟರಿಯನ್ನು ಮನೆಯ ಇತರ ಕಸದೊಡನೆ ಸೇರಿಸದೆ, ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿದವರಿಗೆ ತಲುಪಿಸಬೇಕು. ಬ್ಯಾಟರಿಯ ಮೇಲೆ ಕಾಣುವ, ಅಡ್ಡಗೆರೆ ಎಳೆದ ಕಸದ ತೊಟ್ಟಿಯ ಚಿತ್ರಕ್ಕೂ ಅದರ ಬಳಿಯ ಪಿ.ಬಿ. ಎಂಬ ಸೀಸದ ಚಿಹ್ನೆಗೂ ಅರ್ಥ ಇದೇ.

ಕಂಪನಿಯ ಅಧಿಕೃತ ಮಾರಾಟಗಾರನಲ್ಲಿ ಹೊಸದನ್ನು ಕೊಳ್ಳುವಾಗಲೇ ಹಳೆಯದನ್ನು ಒಪ್ಪಿಸಿ, ಅದರ ಬೆಲೆ ಕಳೆದುದನ್ನು ಬಿಲ್ಲಿನಲ್ಲಿ ನಮೂದಿಸಿಕೊಳ್ಳುವುದು ಎಲ್ಲಕ್ಕಿಂತ ಸರಳ ಮಾರ್ಗ. ಯಾವುದೋ ಕಾರಣದಿಂದ ಕೆಲವು ದಿನ ಮನೆಯಲ್ಲಿಡಬೇಕಾಗಿ ಬಂದರೆ ಅದನ್ನು ನೆಟ್ಟಗೆ, ಪ್ಲಾಸ್ಟಿಕ್ ತಟ್ಟೆಯ ಮೇಲೆ, ಮಳೆ ಬಿಸಿಲು ತಾಗದ ಕಡೆ, ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಧ್ರುವಗಳಿಗೆ ಅಂಟುಪಟ್ಟಿ ಸುತ್ತಿರಬೇಕು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯದೆ ಊಟಕ್ಕೆ ಕೂರಬಾರದು.